ಗುಟ್ಟನ್ನು ಹೊರಗೆಡಹುವವನು ದ್ರೋಹಿಯೋ?

ಉಂಡ ಮನೆಗೆ ಎರಡು ಬಗೆಯಬಾರದೆಂದು ನಮ್ಮ ಹಿರಿಯರು ಕಲಿಸಿದ್ದಾರೆ. ಇದು ಒಳ್ಳೇ ಮಾತು. ಆದರೆ ಸರಕಾರದ ಸಂಬಳದಿಂದ ಜೀವಿಸುವ ನೌಕರನೊಬ್ಬನು, ತನ್ನ ಮೇಲಿನವರು ನಿರಪರಾಧಿಗಳ ಮಾತುಗಳನ್ನು ಕದ್ದು ಕೇಳುವದನ್ನು ಕಂಡರೆ ಏನು ಮಾಡಬೇಕು? ಸುಮ್ಮನಿರುವದು ನಂಬಿಗಸ್ತಿಕೆಯೋ? ಹೊರಗೆ ತಿಳಿಸುವದು ದ್ರೋಹವೋ?

ಇದು ದೊಡ್ಡವರ ಸಂಗತಿ, ನಮಗೇಕೆಂದು ಯಾರೂ ಅನ್ನಬಾರದು. ಸಾರಕ್ಕಿಯು ಬೆಂಗಳೂರಿನ ಹೊರಗಣ ಹಳ್ಳಿಯಾಗಿದ್ದ ದಿವಸಗಳಲ್ಲಿ ಟೆಲಿಫೋನು ಅಪರೂಪದ ವಸ್ತುವಾಗಿತ್ತು. ಈಗಲಾದರೋ ಸಾರಕ್ಕಿ ಮಾರುಕಟ್ಟೆಯಲ್ಲಿ ಸೊಪ್ಪು ಮಾರುವ ತಾಯಿಯ ಕೈಯಲ್ಲಿಯೂ, ನಿಮ್ಮ ಹೊಲದ ಬದುವಿನ ಮೇಲೆಯೂ ಅದು ಉಂಟು. ಮಗಳ ಕಷ್ಟ, ಸಾಲದ ಚಿಂತೆ, ಪ್ರಾರ್ಥನೆಯ ಬಿನ್ನಹ ಎಲ್ಲವೂ ಅದರ ಮೂಲಕವೇ ಹೋಗುತ್ತವೆ.

ಕಳ್ಳರನ್ನೂ ಕೊಲೆಗಾರರನ್ನೂ ಹಿಡಿಯುವದಕ್ಕೆ ಅಧಿಕಾರಿಗಳು ಕೆಲವು ಸಾರಿ ಮರೆಯಲ್ಲಿ ಕೇಳಬೇಕಾಗುವದು. ಅದನ್ನು ನಾವು ತಪ್ಪೆನ್ನುವದಿಲ್ಲ. ಆದರೆ ಆ ಅಧಿಕಾರವು ದಾರಿ ತಪ್ಪುವದುಂಟು. ನಮ್ಮ ರಾಜ್ಯದಲ್ಲಿಯೇ 1988ನೆಯ ಇಸವಿಯಲ್ಲಿ ಫೋನು ಕದ್ದಾಲಿಸಿದ ಆಪಾದನೆಯ ನಿಮಿತ್ತ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟರು. ಇದಕ್ಕೆ ಕಟ್ಟುಪಾಡುಗಳಿರಬೇಕೆಂದು ಸುಪ್ರೀಂ ಕೋರ್ಟು 1996ರಲ್ಲಿ ವಿಧಿಸಿತು. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ ಹೂಡಿದ ಮೊಕದ್ದಮೆಯಲ್ಲಿ, 2017ರಲ್ಲಿ 9 ಮಂದಿ ನ್ಯಾಯಾಧೀಶರು ಏಕಮನಸ್ಸಿನಿಂದ, ಮನುಷ್ಯನ ಖಾಸಗಿ ಬಾಳು ಅವನ ಮೂಲಭೂತ ಹಕ್ಕೆಂದು ತೀರ್ಪಿತ್ತರು. ಆದರೂ ಬಾಗಿಲ ಹಿಂದೆ ನಡೆಯುವದು ಒಳಗಿದ್ದವನು ಹೇಳದೆ ನ್ಯಾಯಾಧೀಶನಿಗೆ ಹೇಗೆ ತಿಳಿದೀತು?

ಹಾಗೆ ಹೇಳಿದವನಿಗೆ ಏನಾಗುತ್ತದೆ? ಅಮೇರಿಕಾ ದೇಶದ ಗೂಢಚಾರ ಇಲಾಖೆಯೊಂದರಲ್ಲಿ ಗುತ್ತಿಗೆಯ ಮೂಲಕ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡನ್ ಎಂಬ 29 ವರುಷದ ಯೌವನಸ್ಥನು, ಸರಕಾರವು ಕೋಟ್ಯಂತರ ಪ್ರಜೆಗಳ ಫೋನಿನ ದಾಖಲೆಗಳನ್ನು ಕೂಡಿಸುತ್ತಿರುವದನ್ನು 2013ರಲ್ಲಿ ಪತ್ರಿಕೆಗಳಿಗೆ ತಿಳಿಸಿದನು. 2015ರಲ್ಲಿ ಆ ಪದ್ಧತಿಯನ್ನು ನಿಲ್ಲಿಸುವ ಕಾಯಿದೆಯಾಯಿತು. ಅದು ನ್ಯಾಯವಿರುದ್ಧವಾಗಿತ್ತೆಂದು 2020ರಲ್ಲಿ ಅಲ್ಲಿಯ ನ್ಯಾಯಾಲಯವೊಂದು ಹೇಳಿತು. ಆತನಿಗಾದರೋ ಕೆಲಸ ಹೋಯಿತು, ಮನೆ ಹೋಯಿತು, ಅಪರಾಧದ ಆರೋಪ ಬಂತು. ರಷ್ಯಾ ದೇಶದಲ್ಲಿ ಆಶ್ರಯ ಹೊಂದಿ 2022ರಲ್ಲಿ ಅಲ್ಲಿಯ ಪ್ರಜೆಯಾದನು. ಫಲವು ಅನೇಕರದ್ದು, ಬೆಲೆಯು ಒಬ್ಬನದ್ದು. ಆತನು ಬೇಕಾದದ್ದಕ್ಕಿಂತ ಹೆಚ್ಚು ಗುಟ್ಟುಗಳನ್ನು ಹೊರಗೆಡಹಿ ದೇಶಕ್ಕೆ ಕೇಡು ಮಾಡಿದನೆನ್ನುವವರೂ ಇದ್ದಾರೆ. ಆ ಮಾತನ್ನೂ ನಾವು ತೂಗಿ ನೋಡತಕ್ಕದ್ದು.

ಆದದರಿಂದ ಚಾಡಿಕೋರನಿಗೂ ಸಾಕ್ಷಿಗೂ ಇರುವ ಭೇದವನ್ನು ತಿಳಿಯೋಣ. ಚಾಡಿಕೋರನು ತನ್ನ ಲಾಭಕ್ಕಾಗಿ ನೆರೆಯವನ ಗುಟ್ಟನ್ನು ಮಾರುತ್ತಾನೆ. ಸಾಕ್ಷಿಯು ನೆರೆಯವನ ರಕ್ಷಣೆಗಾಗಿ ತನ್ನ ನಷ್ಟವನ್ನು ಒಪ್ಪಿಕೊಳ್ಳುತ್ತಾನೆ. ಮೊದಲು ಮೇಲಿನವರಿಗೆ ಹೇಳಿ ನೋಡುತ್ತಾನೆ. ಸತ್ಯಕ್ಕೆ ಒಂದು ಮಾತನ್ನೂ ಕೂಡಿಸುವದಿಲ್ಲ. ಅವನು ಉಂಡ ಅನ್ನವು ಅಧಿಕಾರಿಯ ಮನೆಯದಲ್ಲ; ಕಂದಾಯ ಕೊಟ್ಟ ಜನರದು.

ಯೆರೆಮೀಯನ ಮೇಲೆಯೂ, ಇವನು ಯುದ್ಧವೀರರ ಕೈಗಳನ್ನು ಜೋಲುಬೀಳಿಸುತ್ತಾನೆಂದು ಪ್ರಧಾನರು ದೂರು ಹೇಳಿ ಅವನನ್ನು ಕೆಸರಿನ ಬಾವಿಗೆ ಇಳಿಸಿದರು. ಆಗ ಎಬೆದ್ಮೆಲೆಕನೆಂಬ ಪರದೇಶಸ್ಥನು ಅರಸನ ಹತ್ತರ ಬೇಡಿಕೊಂಡು ಅವನನ್ನು ಮೇಲಕ್ಕೆತ್ತಿದನು. ಹಗ್ಗವು ಕಂಕುಳನ್ನು ಕೊಯ್ಯದಂತೆ ಹಳೇ ಬಟ್ಟೆಗಳನ್ನು ಸಹ ಕೆಳಗಿಳಿಸಿದನು.

ಇಂಥ ಸಾಕ್ಷಿಗಳನ್ನು ಕಾಯುವದಕ್ಕಾಗಿ ನಮ್ಮ ದೇಶದಲ್ಲಿ 2014ರಲ್ಲಿ ಒಂದು ಕಾಯಿದೆಯಾಯಿತು. ಹತ್ತು ವರುಷ ಕಳೆದರೂ ಅದು ಜಾರಿಗೆ ಬಂದಿರಲಿಲ್ಲ. ಕಾಯಿದೆ ತಡಮಾಡಿದಲ್ಲಿ ಸಭೆಯೂ ತಡಮಾಡಬೇಕೋ? ನಮ್ಮಲ್ಲಿ ಎಲ್ಲರೂ ಯೆರೆಮೀಯನಾಗಲಾರರು. ಆದರೆ ಸತ್ಯ ಹೇಳಿ ಕೆಲಸ ಕಳಕೊಂಡವನ ಮನೆಗೆ ಒಂದು ಸೇರು ರಾಗಿ ಒಯ್ಯಬಲ್ಲೆವು. ಅವನ ಮಕ್ಕಳ ಶಾಲೆಯ ಫೀಸಿಗೆ ಕೈಗೂಡಿಸಬಲ್ಲೆವು. ಅವನನ್ನು ದ್ರೋಹಿಯೆನ್ನುವವರ ಮುಂದೆ ಬಾಯಿ ತೆರೆಯಬಲ್ಲೆವು. ಹಳೇ ಬಟ್ಟೆಗಳು ಯಾರ ಮನೆಯಲ್ಲಿ ಇಲ್ಲ?