ದಾನವೂ ದೂರವಾಣಿಯೂ

2003ರ ದೀಪಾವಳಿಗೆ ಒಂದು ವಾರ ಮುಂಚಿನ ಮಾತು. ಮುಂಬಯಿಯ ನಮ್ಮ ಕಟ್ಟಡದ ಮೆಟ್ಟಿಲು ಹತ್ತಿ ಮೂವರು ಕಾಲೇಜು ವಿದ್ಯಾರ್ಥಿಗಳು ಬಂದರು. ಕೈಯಲ್ಲಿ ರಸೀದಿ ಪುಸ್ತಕ. ಸಂಕಟದಲ್ಲಿರುವ ಮಕ್ಕಳಿಗಾಗಿ ನಡೆಯುವ 1098 ಎಂಬ ದೂರವಾಣಿ ಸೇವೆಗೆ ಹಣ ಕೂಡಿಸುತ್ತಿದ್ದೇವೆ ಎಂದರು. ನಾನು ನೂರು ರೂಪಾಯಿ ಕೊಟ್ಟೆ. ಎದುರುಮನೆಯವರು ಐನೂರು ಕೊಟ್ಟರು. ಬಂದ ಹುಡುಗರಿಗೆ ಕುಡಿಯಲು ನೀರು ತಂದುಕೊಟ್ಟವಳು ಆ ಮನೆಯಲ್ಲಿ ಕೆಲಸಕ್ಕಿದ್ದ ಹತ್ತು ವರ್ಷದ ಹುಡುಗಿ.

ಇದನ್ನು ಕಂಡು ನಾನು ಒಳಗೊಳಗೇ ನಕ್ಕೆ. ಆ ನಗೆ ನನಗೂ ಸಲ್ಲುವಂಥದೆಂದು ತಿಳಿಯಲು ವರ್ಷಗಳೇ ಹಿಡಿದವು.

ಈ ಸೇವೆ ಹುಟ್ಟಿದ್ದು ಮುಂಬಯಿಯಲ್ಲೇ, 1996ರಲ್ಲಿ, ದೇವನಾರದ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ. ಅಲ್ಲಿ ಅಧ್ಯಾಪಕಿಯಾಗಿದ್ದ ಜೆರೂ ಬಿಲಿಮೋರಿಯಾ ಅವರು ಬೀದಿಯ ಮಕ್ಕಳಿಗೆ ತಮ್ಮ ಮನೆಯ ನಂಬರು ಕೊಟ್ಟಿದ್ದರು. ಕಷ್ಟ ಬಂದಾಗಲೆಲ್ಲ ಮಕ್ಕಳು ಅಪರಾತ್ರಿಯಲ್ಲೂ ಕರೆ ಮಾಡತೊಡಗಿದರು. ಒಬ್ಬರ ಮನೆಯ ಫೋನು ಸಾಲದೆ ಊರಿಗೇ ಒಂದು ಫೋನು ಬೇಕಾಯಿತು. ಹಿಂದಿಯಲ್ಲಿ ದಸ್, ನೌ, ಆಠ್ ಎಂದು ಎಣಿಕೆಯನ್ನು ಹಿಂದಕ್ಕೆ ಹೇಳಿದಂತಾಗುವುದರಿಂದ ಅಕ್ಷರ ಬಾರದ ಮಗುವೂ ನೆನಪಿಡಬಹುದಾದ ನಂಬರು ಅದು. ಹಗಲಿರುಳೂ ನಡೆಯುವ ಸೇವೆ, ಕರೆಗೆ ಕಾಸಿಲ್ಲ. ಒಂದು ಗಂಟೆಯೊಳಗೆ ಕಾರ್ಯಕರ್ತರು ಮಗುವಿದ್ದಲ್ಲಿಗೆ ತಲುಪಬೇಕೆಂಬುದು ಅವರ ಗುರಿ. ಇಂಥದ್ದಕ್ಕೆ ಹಣ ಬೇಡವೆ? ಆ ವಿದ್ಯಾರ್ಥಿಗಳ ಶ್ರಮವನ್ನು ನಾನು ಹಗುರಾಗಿ ಕಾಣುವುದಿಲ್ಲ. ಅಪರಿಚಿತರ ಬಾಗಿಲು ತಟ್ಟಿ ಹಣ ಕೇಳುವುದೆಂದರೆ ಏನೆಂಬುದು ಸಂಘದ ವಂತಿಗೆ ಎತ್ತಲು ತಿರುಗಿದ ನಮ್ಮವರಿಗೆ ಚೆನ್ನಾಗಿ ಗೊತ್ತು!

ಹೊರಡುವಾಗ ಅವರಲ್ಲೊಬ್ಬಳು, “ಆಂಟಿ, ಮಕ್ಕಳೇ ಫೋನು ಮಾಡಬೇಕೆಂದಿಲ್ಲ. ಮಗುವಿನ ಕಷ್ಟ ಕಂಡ ದೊಡ್ಡವರೂ ಮಾಡಬಹುದು” ಎಂದು ಹೇಳಿ ನಂಬರಿದ್ದ ಚೀಟಿಯೊಂದನ್ನು ಕೊಟ್ಟಳು. ಅದನ್ನು ಫೋನಿನ ಮೇಲಿನ ಗೋಡೆಗೆ ಅಂಟಿಸಿದೆ.

ಎದುರುಮನೆಯ ಹುಡುಗಿ ವಿಜಾಪುರದ ಕಡೆಯವಳು. ಮನೆಯವರೂ ಕನ್ನಡದವರೇ, ಸಂಘದ ಹಳೆಯ ಸದಸ್ಯರು, ನಮ್ಮ ಕಷ್ಟಕಾಲದಲ್ಲಿ ಆಸ್ಪತ್ರೆಗೆ ಊಟ ಹೊತ್ತು ತಂದವರು. ಅದನ್ನು ಮರೆತರೆ ಕೃತಘ್ನತೆಯಾದೀತು. ಆದರೆ ನೀರು ಬರುವ ಮುಂಜಾವಿನ ಹೊತ್ತಿಗೆ ಅವರ ಮನೆಯಿಂದ ಏಟಿನ ಸದ್ದು ಕೇಳಿಸುತ್ತಿತ್ತು. ಒಂದು ದಿನದ ಸಿಟ್ಟಿನ ಏಟಲ್ಲ, ವಾರಕ್ಕೆ ಮೂರು ನಾಲ್ಕು ದಿನ. ಒಮ್ಮೆ ಮೆಟ್ಟಿಲ ಬಳಿ ಹುಡುಗಿ ನನ್ನನ್ನು ನಿಲ್ಲಿಸಿ, “ಅಕ್ಕಾರ, ನಮ್ಮೂರ ಬಸ್ಸು ಎಲ್ಲಿ ನಿಲ್ತೈತ್ರಿ?” ಎಂದು ಕೇಳಿದಳು. ಒಬ್ಬಳೇ ಎಲ್ಲಿಗೂ ಹೋಗಬಾರದು ಎಂದು ಬುದ್ಧಿ ಹೇಳಿ, ಕೈಗೆರಡು ಚಕ್ಕುಲಿ ಕೊಟ್ಟು ಕಳಿಸಿದೆ. ಅವಳಿಗೆ ಹಿಂದಿ ಬಾರದು, ಮರಾಠಿ ಬಾರದು. ಅಷ್ಟು ದೊಡ್ಡ ಕಟ್ಟಡದಲ್ಲಿ ಅವಳ ಮಾತು ತಿಳಿಯುತ್ತಿದ್ದುದು ಎರಡೇ ಮನೆಯವರಿಗೆ: ಹೊಡೆಯುವವರಿಗೆ, ಮತ್ತು ನಮಗೆ.

ಆದರೂ ನಾನು ಫೋನೆತ್ತಲಿಲ್ಲ.

ಯಾಕೆಂದು ಈಗ ಯೋಚಿಸಿದರೆ, ಮೊದಲು ನೆನಪಾಗುವುದು ಆ ರಸೀದಿಯೇ. ನನ್ನ ಪಾಲಿನದನ್ನು ನಾನು ಮಾಡಿದ್ದೇನೆ ಎಂಬ ಸಮಾಧಾನ ಅದರಲ್ಲಿತ್ತು. ದಾನದಲ್ಲಿ ಹೋಗುವುದು ಹಣ; ದುಡಿದರೆ ಮತ್ತೆ ಬರುತ್ತದೆ. ಕಂಡದ್ದನ್ನು ಹೇಳುವುದರಲ್ಲಿ ಹೋಗುವುದು ನೆರೆಯವರ ನಗುಮುಖ, ಹಬ್ಬಕ್ಕೆ ಬರುವ ಹೋಳಿಗೆ, ಸಂಘದ ಸಭೆಯಲ್ಲಿ ಪಕ್ಕದ ಕುರ್ಚಿ. ಹೊರನಾಡಿನಲ್ಲಿ ಬಾಳುವವರಿಗೆ ಇವು ಸಣ್ಣ ವಸ್ತುಗಳಲ್ಲ. ನಮ್ಮವರೇ ನಮ್ಮವರ ಮೇಲೆ ದೂರು ಕೊಡುವುದೆ ಎಂದು ಮನಸ್ಸು ಹಿಂಜರಿಯಿತು. ಆ ಹುಡುಗಿಯೂ ನಮ್ಮವಳೇ ಅಲ್ಲವೆ ಎಂಬ ಪ್ರಶ್ನೆ ಮಾತ್ರ ಆಗ ಹೊಳೆಯಲೇ ಇಲ್ಲ. ‘ನಮ್ಮವರು’ ಎನ್ನುವಾಗ ನಾವು ವಂತಿಗೆ ಕೊಡುವವರನ್ನಷ್ಟೇ ಎಣಿಸುತ್ತೇವೆಯೋ ಏನೋ.

ನಮ್ಮಲ್ಲಿ ಇನ್ನೊಂದು ವಾದವೂ ಉಂಟು. ಎಳೆಯ ವಯಸ್ಸಿನಲ್ಲೇ ಊರು ಬಿಟ್ಟು ಬಂದು, ಉಡುಪಿ ಹೋಟೆಲುಗಳಲ್ಲಿ ಮೇಜು ಒರೆಸಿ, ರಾತ್ರಿ ಶಾಲೆಯಲ್ಲಿ ಓದಿ ದೊಡ್ಡವರಾದವರು ನಮ್ಮಲ್ಲಿಲ್ಲವೆ ಎನ್ನುತ್ತಾರೆ. ಇದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ವೇದಿಕೆ ಹತ್ತಿ ತಮ್ಮ ಕತೆ ಹೇಳುವವರು ಗೆದ್ದವರು ಮಾತ್ರ. ಕಾಯಿಲೆ ಬಿದ್ದು ಊರಿಗೆ ಮರಳಿದವರಿಗೆ ನಾವು ಶಾಲು ಹೊದೆಸಿದ್ದನ್ನು ನಾನು ಕಂಡಿಲ್ಲ. ಕಾನೂನಿನ ಮಾತು ಹೇಳುವುದಾದರೆ, ಹದಿನಾಲ್ಕರೊಳಗಿನ ಮಕ್ಕಳನ್ನು ಮನೆಗೆಲಸಕ್ಕೂ ಹೋಟೆಲಿಗೂ ಇಟ್ಟುಕೊಳ್ಳಬಾರದೆಂದು ಆದದ್ದು 2006ರ ಅಕ್ಟೋಬರಿನಲ್ಲಿ. ಏಟಿನ ಸದ್ದು ಕೇಳಿದಾಗ ಏನು ಮಾಡಬೇಕೆಂದು ತಿಳಿಯಲು ನನಗೆ ಆ ಕಾನೂನು ಬೇಕಿರಲಿಲ್ಲ.

ಕರೆ ಮಾಡಿದ್ದರೆ ಅವಳನ್ನು ಯಾವುದೋ ಬಾಲಗೃಹಕ್ಕೆ ಹಾಕಿ, ಅಥವಾ ಅವಳನ್ನು ದುಡಿಯಲು ಕಳಿಸಿದ ಬಡತನಕ್ಕೇ ಮರಳಿಸಿ, ಇನ್ನಷ್ಟು ಕೆಡುಕಾಗುತ್ತಿರಲಿಲ್ಲವೆ? ಈ ಪ್ರಶ್ನೆಯನ್ನು ತಳ್ಳಿಹಾಕಲಾರೆ. ಒಳ್ಳೆಯ ಉದ್ದೇಶದಿಂದ ಮಕ್ಕಳ ಬದುಕು ಕೆಡುವುದೂ ಉಂಟು. ಆದರೆ ಅದನ್ನು ತೂಗಿ ನೋಡುವ ಹೊಣೆ ನನ್ನದಾಗಿರಲಿಲ್ಲ, ಅದಕ್ಕೆಂದೇ ತರಬೇತಾದವರಿದ್ದರು. ಅಲ್ಲದೆ ತನಗೇನು ಬೇಕೆಂಬುದನ್ನು ಹುಡುಗಿ ತಾನೇ, ನನ್ನದೇ ಭಾಷೆಯಲ್ಲಿ, ಹೇಳಿದ್ದಳು.

2023ರಲ್ಲಿ ಈ ಸೇವೆ ಸ್ವಯಂಸೇವಾ ಸಂಸ್ಥೆಗಳಿಂದ ಸರಕಾರದ ಕೈಗೆ ಹೋಯಿತು. 112ರ ತುರ್ತು ಕರೆಯ ವ್ಯವಸ್ಥೆಯೊಡನೆ ಅದನ್ನು ಜೋಡಿಸಲಾಗುತ್ತ ಬಂದಿದೆ. ನಂಬರು ಮಾತ್ರ ಅದೇ. ಅದರ ಹೆಸರಿನಲ್ಲಿ ರಸೀದಿ ಪುಸ್ತಕ ಹಿಡಿದು ನಮ್ಮ ಮೆಟ್ಟಿಲು ಹತ್ತಿದವರನ್ನು ನಾನು ಆಮೇಲೆ ಕಂಡಿಲ್ಲ. ನೂರು ರೂಪಾಯಿ ಕೊಟ್ಟು ಕೈತೊಳೆದುಕೊಳ್ಳುವ ಆ ಅನುಕೂಲವೂ ಹಾಗೆ ತಪ್ಪಿತೆನ್ನಬೇಕು.

ಮುಂದಿನ ಬೇಸಗೆಯಲ್ಲಿ ಎದುರುಮನೆಯವರು ಊರಿಗೆ ಹೋಗಿ ಬಂದಾಗ ಹುಡುಗಿ ಜೊತೆಯಲ್ಲಿರಲಿಲ್ಲ. ಎಲ್ಲಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಈಗ ಅವಳಿಗೆ ಮೂವತ್ತು ದಾಟಿರಬೇಕು. ಕಳೆದ ವರ್ಷ ಆ ಮನೆಯ ಮಗನ ಮದುವೆ ಆಯಿತು. ಗಂಡ ಹೆಂಡತಿ ಇಬ್ಬರೂ ಬಂದು ಕುಂಕುಮವಿಟ್ಟು ಕರೆದರು. ಹೋಗಿ, ಊಟ ಮಾಡಿ ಬಂದೆ.