ಸಂದೇಹಾಸ್ಪದ ಮರಣ ಮತ್ತು ಶ್ರಾವಕನ ಸತ್ಯಾಣುವ್ರತ

ಸತ್ಯವೇ ಮೊದಲಾದ ನಾಲ್ಕು ವ್ರತಗಳು ಅಹಿಂಸೆಯೆಂಬ ಬೆಳೆಯನ್ನು ಕಾಯುವ ಬೇಲಿಗಳೆಂದು ಪೂಜ್ಯಪಾದಾಚಾರ್ಯರು ತಿಳಿಸಿರುವರು. ದಿನನಿತ್ಯದ ಬಾಳಿನಲ್ಲಿ ಬೇಲಿಗೂ ಬೆಳೆಗೂ ವಿರೋಧ ಕಾಣುವುದಿಲ್ಲ. ಆದರೆ ನೆರೆಮನೆಯಲ್ಲಿ ಒಂದು ಮರಣವು ಸಂಭವಿಸಿ, ಅದರ ಕಾರಣವು ಸಂದೇಹಾಸ್ಪದವಾಗಿ, ಪೊಲೀಸು ಅಧಿಕಾರಿಯು ಬಂದು “ನೀವು ಕಂಡದ್ದೇನು?” ಎಂದು ಕೇಳಿದಾಗ ವ್ರತಿಕನ ಮನಸ್ಸು ತೊಳಲುತ್ತದೆ. ನಿಜವನ್ನು ನುಡಿದರೆ ಒಬ್ಬನು ಸೆರೆಮನೆಗೆ ಹೋಗಬಹುದು, ಗಲ್ಲಿಗೂ ಏರಬಹುದು. ನುಡಿಯದಿದ್ದರೆ ಸತ್ತವರಿಗೆ ನ್ಯಾಯವಿಲ್ಲ. ಇಂತಹ ಸಮಯದಲ್ಲಿ ಮೌನವು ಅಹಿಂಸೆಯೋ ಅಥವಾ ಅಹಿಂಸೆಯ ವೇಷವನ್ನು ಧರಿಸಿದ ಭಯವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮೊದಲು ರಾಜ್ಯದ ವಿಧಿಯನ್ನು ತಿಳಿಯುವುದು ಯುಕ್ತ. 1973ರ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಪ್ರಕರಣದಲ್ಲಿದ್ದ ಕ್ರಮವು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಪ್ರಕರಣದಲ್ಲಿ ಮುಂದುವರಿದಿದೆ. ಆತ್ಮಹತ್ಯೆ, ಕೊಲೆ, ಅಪಘಾತ, ಅಥವಾ ಅನ್ಯರ ಕೈವಾಡದ ಸಂದೇಹಕ್ಕೆ ಎಡೆಗೊಡುವ ಮರಣದ ಸುದ್ದಿ ಬಂದೊಡನೆ ಠಾಣೆಯ ಅಧಿಕಾರಿಯು ಕಾರ್ಯನಿರ್ವಾಹಕ ದಂಡಾಧಿಕಾರಿಗೆ ತಿಳಿಸಿ, ಶವವಿರುವ ಸ್ಥಳಕ್ಕೆ ಹೋಗಬೇಕು. ಆ ನೆರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರ ಎದುರಿನಲ್ಲಿ ಶವವನ್ನು ಪರೀಕ್ಷಿಸಿ, ಗಾಯ, ಮೂಳೆಮುರಿತ, ಬಾಸುಂಡೆ ಮುಂತಾದ ಗುರುತುಗಳನ್ನೂ, ಅವು ಯಾವ ಆಯುಧದಿಂದ ಆದಂತೆ ತೋರುತ್ತವೆ ಎಂಬುದನ್ನೂ, ಮರಣಕ್ಕೆ ಮೇಲ್ನೋಟಕ್ಕೆ ತೋರುವ ಕಾರಣವನ್ನೂ ಬರೆಯಬೇಕು. ಜನರು ಶವಪಂಚನಾಮೆಯೆನ್ನುವುದು ಇದನ್ನೇ. ಈ ವರದಿಯು ಇಪ್ಪತ್ತುನಾಲ್ಕು ಗಂಟೆಗಳೊಳಗೆ ದಂಡಾಧಿಕಾರಿಗೆ ತಲುಪಬೇಕೆಂದು ಹೊಸ ಸಂಹಿತೆಯು ಅವಧಿಯನ್ನೂ ಗೊತ್ತುಪಡಿಸಿದೆ. ಮದುವೆಯಾಗಿ ಏಳು ವರ್ಷಗಳೊಳಗೆ ಸ್ತ್ರೀಯೊಬ್ಬಳು ಆತ್ಮಹತ್ಯೆಯಿಂದಲೋ ಸಂದೇಹಾಸ್ಪದವಾಗಿಯೋ ಮಡಿದರೆ ಮರಣೋತ್ತರ ಪರೀಕ್ಷೆಗೆ ಕಳುಹಿಸುವ ವಿಧಿಯಿದೆ. ದಂಡಾಧಿಕಾರಿಯ ವಿಚಾರಣೆಯೂ ನಡೆಯುತ್ತದೆ.

ಇಲ್ಲಿ ಹೇಳಿದ “ನೆರೆಯ ಗೌರವಸ್ಥರು” ಯಾರು? ಊರಿನಲ್ಲಿ ಅಂಗಡಿಯನ್ನಿಟ್ಟು ಪ್ರಾಮಾಣಿಕನೆನಿಸಿಕೊಂಡ ಶ್ರಾವಕನೇ ಹಲವು ವೇಳೆ ಆ ಗೌರವಸ್ಥನು. ಆದರೆ ಕರೆ ಬಂದಾಗ ಕೆಲವರು ಹಿಂಬಾಗಿಲಿನಿಂದ ತೆರಳುವರು, ಮತ್ತೆ ಕೆಲವರು ಶವವನ್ನು ಕಾಣದೆಯೇ, ಬರೆದುದನ್ನು ಓದದೆಯೇ, “ಎಲ್ಲಿ ರುಜು ಹಾಕಬೇಕು?” ಎಂದು ಕೇಳುವರು. ಮೊದಲಿನದು ಕರ್ತವ್ಯಲೋಪ; ಎರಡನೆಯದು ವ್ರತಕ್ಕೇ ತಗಲುವ ದೋಷ. ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದು. ಇಲ್ಲದುದನ್ನು ಇದ್ದಂತೆ ಬರೆಯುವುದು ಕೂಟಲೇಖವಾದರೆ, ಕಾಣದುದನ್ನು ಕಂಡೆನೆಂದು ಸಹಿ ಹಾಕುವುದೂ ಅದರ ಸೋದರನೇ. ಬಾಯಿಂದ ಸುಳ್ಳಾಡದವನು ಬೆರಳಿನಿಂದ ಸುಳ್ಳಾಡಿದರೆ ವ್ರತವು ಉಳಿಯುವುದೆಂತು?

ಮೌನವಾದಿಗಳು ತಮ್ಮ ಪಕ್ಷಕ್ಕೆ ಆಧಾರವಾಗಿ ಸಮಂತಭದ್ರಸ್ವಾಮಿಗಳನ್ನೇ ಮುಂದಿಡುವುದುಂಟು. ಸ್ಥೂಲವಾದ ಅಸತ್ಯವನ್ನು ಮಾತ್ರವಲ್ಲ, ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಆಡಬಾರದೆಂಬುದು ರತ್ನಕರಂಡಕ ಶ್ರಾವಕಾಚಾರದ ಅಭಿಪ್ರಾಯ. ಬೇಟೆಗಾರನಿಗೆ ಜಿಂಕೆಯ ದಾರಿಯನ್ನು ತೋರಬಾರದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದರೆ ಬೇಟೆಗಾರನ ದಾರಿಯನ್ನು ರಕ್ಷಕನಿಗೆ ತೋರಬಾರದೆಂದು ಇದರಿಂದ ಸಿದ್ಧವಾಗುವುದೇ? ಸಾಕ್ಷಿಯು ಮಾತನಾಡದಿದ್ದರೆ ವಿಪತ್ತು ನಿಲ್ಲುವುದಿಲ್ಲ, ಅದು ಸ್ಥಳವನ್ನು ಬದಲಿಸುತ್ತದೆ ಅಷ್ಟೆ. ಮಡಿದವಳ ತಾಯಿತಂದೆಗಳ ಮೇಲೆ, ಸುಮ್ಮನೆ ಸಂದೇಹಕ್ಕೆ ಸಿಕ್ಕಿದ ನಿರಪರಾಧಿಯ ಮೇಲೆ, ಅದೇ ಮನೆಗೆ ಮುಂದೆ ಸೊಸೆಯಾಗಿ ಬರುವವಳ ಮೇಲೆ ಅದು ಬೀಳುತ್ತದೆ. ಒಬ್ಬನ ವಿಪತ್ತನ್ನು ಎಣಿಸಿ, ಮೂವರ ವಿಪತ್ತನ್ನು ಎಣಿಸದಿರುವುದು ದಯೆಯಲ್ಲ, ಪಕ್ಷಪಾತ.

ವಸುರಾಜನ ಕಥೆಯು ಜೈನ ಮನೆಗಳಲ್ಲಿ ಮಕ್ಕಳಿಗೂ ಪರಿಚಿತ. “ಅಜ” ಎಂದರೆ ಮೊಳೆಯದ ಹಳೆಯ ಧಾನ್ಯವೆಂದು ನಾರದನೂ, ಆಡೆಂದು ಪರ್ವತನೂ ವಾದಿಸಿ, ಸಹಪಾಠಿಯಾದ ವಸುವಿನ ಬಳಿಗೆ ತೀರ್ಪಿಗಾಗಿ ಬಂದರು. ಗುರುವು ಕಲಿಸಿದ ಅರ್ಥವು ವಸುವಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಪರ್ವತನ ತಾಯಿಯಾದ ಗುರುಪತ್ನಿಯು ಮಗನ ಪರವಾಗಿ ಬೇಡಿಕೊಂಡಿದ್ದಳು. ವಸುವು ಲೋಭದಿಂದಲ್ಲ, ದ್ವೇಷದಿಂದಲ್ಲ, ದಾಕ್ಷಿಣ್ಯದಿಂದ ಸುಳ್ಳು ನುಡಿದನು. ಅದರಿಂದ ಒಬ್ಬ ವಿಧವೆಯ ಕಣ್ಣೀರು ನಿಂತಿತು. ಆದರೆ ಯಜ್ಞದಲ್ಲಿ ಪಶುವಧೆಗೆ ಸಮ್ಮತಿಯು ದೊರೆಯಿತು. ಸಿಂಹಾಸನವು ಕುಸಿದು ವಸುವು ಅಧೋಗತಿಗೆ ಇಳಿದನು. ಕರುಣೆಯಿಂದ ನುಡಿದ ಸುಳ್ಳೂ ಹಿಂಸೆಗೆ ಬಾಗಿಲನ್ನು ತೆರೆಯಬಲ್ಲದೆಂಬುದೇ ಇದರ ತಾತ್ಪರ್ಯ.

ಹಾಗಾದರೆ ಸಾಕ್ಷಿಯು ಹೇಗೆ ಮಾತನಾಡಬೇಕು? ಸತ್ಯವ್ರತದ ಐದು ಭಾವನೆಗಳೇ ಇದಕ್ಕೆ ಅಳತೆಗೋಲು: ಕ್ರೋಧ, ಲೋಭ, ಭಯ, ಹಾಸ್ಯ ಇವುಗಳ ತ್ಯಾಗ ಮತ್ತು ವಿಚಾರಪೂರ್ವಕವಾದ ನುಡಿ. ಹಳೆಯ ಜಗಳದ ಸಿಟ್ಟಿನಿಂದ ನೆರೆಯವನ ಹೆಸರನ್ನು ಸೇರಿಸಬಾರದು. ಹಣಕ್ಕಾಗಿ ಕಂಡದ್ದನ್ನು ಮರೆಯಬಾರದು. ಬಲಿಷ್ಠನ ಬೆದರಿಕೆಗೆ ಮಾತನ್ನು ತಿರುಚಬಾರದು. ಕಟ್ಟೆಯ ಮೇಲೆ ಕುಳಿತು ಸತ್ತವರ ಬಗ್ಗೆ ವಿನೋದಕ್ಕಾಗಿ ಊಹೆಗಳನ್ನು ಹರಡಬಾರದು. ಕಂಡದ್ದನ್ನು ಕಂಡೆನೆಂದೂ, ಕೇಳಿದ್ದನ್ನು ಕೇಳಿದೆನೆಂದೂ, ತಿಳಿಯದುದನ್ನು ತಿಳಿಯದೆಂದೂ ಬೇರ್ಪಡಿಸಿ ಹೇಳಬೇಕು. ಪಂಚನಾಮೆಯೂ ಮರಣಕ್ಕೆ “ತೋರುವ” ಕಾರಣವನ್ನಷ್ಟೇ ಬರೆಯುತ್ತದೆ; ಕೊಂದವನಾರೆಂದು ನಿರ್ಣಯಿಸುವುದು ಅದರ ಕೆಲಸವಲ್ಲ. ಸ್ಯಾದ್ವಾದವನ್ನು ಬಲ್ಲವರಿಗೆ ಈ ಸಂಯಮವು ಹೊಸದಲ್ಲ. ನೋಡಿದವನು ತಾನು ನಿಂತ ಕಡೆಯಿಂದ ಕಂಡಷ್ಟನ್ನೇ ಹೇಳಬೇಕು, ಉಳಿದುದನ್ನು ಉಳಿದವರ ನುಡಿಗೆ ಬಿಡಬೇಕು.

ತನಿಖೆ ನಡೆಸುವವನಿಗೂ ಈ ಧರ್ಮವು ಅನ್ವಯಿಸುತ್ತದೆ. ಸತ್ಯಘೋಷನ ಕಥೆಯಲ್ಲಿ, ತನ್ನ ರತ್ನಗಳನ್ನು ಪುರೋಹಿತನು ನುಂಗಿದನೆಂದು ವರ್ತಕನೊಬ್ಬನು ಪ್ರತಿದಿನವೂ ಮರವನ್ನೇರಿ ಕೂಗುತ್ತಿದ್ದನು. ಲೋಕವು ಅವನನ್ನು ಹುಚ್ಚನೆಂದಿತು. ರಾಣಿ ರಾಮದತ್ತೆಯು ಮಾತ್ರ, ಹುಚ್ಚನ ಮಾತು ದಿನವೂ ಒಂದೇ ಆಗಿರದೆಂದು ತರ್ಕಿಸಿ, ಪಗಡೆಯಾಟದಲ್ಲಿ ಪುರೋಹಿತನ ಉಂಗುರವನ್ನು ಗೆದ್ದು, ಅದನ್ನು ಗುರುತಾಗಿ ಕಳುಹಿಸಿ ಅವನ ಮನೆಯಿಂದ ರತ್ನಗಳನ್ನು ತರಿಸಿದಳು. ಅರಸನು ಅವನ್ನು ಬೇರೆ ರತ್ನಗಳೊಡನೆ ಬೆರೆಸಿ “ನಿನ್ನವನ್ನು ಆರಿಸಿಕೋ” ಎಂದನು; ವರ್ತಕನು ತನ್ನವನ್ನಷ್ಟೇ ಎತ್ತಿಕೊಂಡನು. ಇಂದು ವಸ್ತುಗಳನ್ನು ಗುರುತಿಸುವ ಪರೀಕ್ಷೆಯೂ ಇದೇ ಬಗೆಯದು. ಒಂದು ಪೆಟ್ಟನ್ನೂ ಹೊಡೆಯದೆ ನಿಜವು ಹೊರಬಂದಿತೆಂಬುದು ಇಲ್ಲಿ ಗಮನಿಸತಕ್ಕ ವಿಷಯ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸಬಾರದೆಂಬ 1872ರ ಸಾಕ್ಷ್ಯ ಅಧಿನಿಯಮದ ನಿಯಮವು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಉಳಿದಿದೆ. ಹೊಡೆತಕ್ಕೆ ಹೆದರಿದ ನಾಲಗೆಯು ಸತ್ಯವನ್ನಲ್ಲ, ಹೊಡೆಯುವವನು ಬಯಸಿದುದನ್ನು ನುಡಿಯುತ್ತದೆಂಬ ತಿಳಿವಳಿಕೆಯು ಅದರ ಹಿಂದಿದೆ.

ಮರಣೋತ್ತರ ಪರೀಕ್ಷೆಯ ವಿಷಯದಲ್ಲಿ ಜೈನ ಕುಟುಂಬಗಳಿಗೆ ಸಂಕೋಚವಿರುವುದು ಸಹಜ. ಶವದಲ್ಲಿ ಸಮ್ಮೂರ್ಛನ ಜೀವಗಳು ಬೇಗನೆ ಹುಟ್ಟುವುದರಿಂದ ದಹನಕ್ಕೆ ತಡಮಾಡಬಾರದೆಂಬ ಭಾವನೆಯು ನಿರಾಧಾರವಾದುದಲ್ಲ. ಆದರೆ ಪ್ರಮಾದಯೋಗದಿಂದ ಪ್ರಾಣಗಳನ್ನು ಬೇರ್ಪಡಿಸುವುದೇ ಹಿಂಸೆಯೆಂಬ ಲಕ್ಷಣವನ್ನು ನೆನೆದರೆ, ವೈದ್ಯನ ಶಸ್ತ್ರವು ತಾಕುವುದು ಜೀವವು ತೊರೆದುಹೋದ ಪುದ್ಗಲಕ್ಕೆ. ಅಲ್ಲಿ ನೋಯುವುದು ಬಂಧುಗಳ ಮಮತೆ. ಅದಕ್ಕಿಂತ ದೊಡ್ಡ ದೋಷವೊಂದಿದೆ: ಮನೆತನದ ಮರ್ಯಾದೆಗಾಗಿ ಸಂದೇಹಾಸ್ಪದ ಮರಣವನ್ನು ಮುಚ್ಚಿ, ಅವಸರದಲ್ಲಿ ಚಿತೆಗೆ ಒಪ್ಪಿಸುವುದು. ಅಪರಾಧಿಯನ್ನು ಉಳಿಸಲು ಸಾಕ್ಷ್ಯವನ್ನು ಅಳಿಸುವುದು ಕಾನೂನಿನ ಕಣ್ಣಿಗೆ ಅಪರಾಧ. ಧರ್ಮದ ಕಣ್ಣಿಗೆ, ಮಾಡಿದ ಹಿಂಸೆಗೆ ಅನುಮೋದನೆ. ಕೃತ, ಕಾರಿತ, ಅನುಮೋದನೆ ಮೂರೂ ಆಸ್ರವಕ್ಕೆ ಕಾರಣಗಳೆಂಬುದನ್ನು ಶ್ರಾವಕರು ಮರೆಯಲಾಗದು.

ಈ ವಿಚಾರವು ಜೈನರ ಮನೆಬಾಗಿಲಿಗೇ ಬಂದುದು ಸಲ್ಲೇಖನೆಯ ಸಂದರ್ಭದಲ್ಲಿ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಈ ವ್ರತವನ್ನು ಆತ್ಮಹತ್ಯೆಯೊಡನೆ ಸಮೀಕರಿಸಿ ತೀರ್ಪಿತ್ತಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಅಂದಿನ ಭಾರತೀಯ ದಂಡ ಸಂಹಿತೆಯ 309ನೆಯ ಪ್ರಕರಣವು ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ರೂಪದಲ್ಲಿ ಉಳಿದಿಲ್ಲವಾದರೂ, ಆತ್ಮಹತ್ಯೆಗೆ ಪ್ರೇರೇಪಿಸುವುದು ಈಗಲೂ ಅಪರಾಧ. ಆದುದರಿಂದ ವೃದ್ಧರೊಬ್ಬರು ಆಹಾರವನ್ನು ಕ್ರಮವಾಗಿ ಬಿಟ್ಟ ಮನೆಗೆ ಯಾರಾದರೂ ಬಂದು “ಇದು ಇವರ ಇಚ್ಛೆಯೋ, ನಿಮ್ಮ ಇಚ್ಛೆಯೋ?” ಎಂದು ಕೇಳಬಹುದು. ಈ ಪ್ರಶ್ನೆಯನ್ನು ಧರ್ಮನಿಂದೆಯೆಂದು ಭಾವಿಸಿ ಕೆರಳುವವರಿದ್ದಾರೆ. ಆದರೆ ಆಚಾರ್ಯರೇ ಇದನ್ನು ಮೊದಲು ಕೇಳಿದವರು.

ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಒದಗಿದಾಗ ಮಾತ್ರ ಸಲ್ಲೇಖನೆಗೆ ಅವಕಾಶ. ಮರಣವನ್ನು ಬಯಸುವುದು ಅದರ ಅತಿಚಾರಗಳಲ್ಲೊಂದು. ಬದುಕನ್ನು ಬಯಸುವುದೂ ಅಂತೆಯೇ. ಬಂಧುಗಳೊಡನೆ ಕ್ಷಮೆಯನ್ನು ಬೇಡಿ, ಕ್ಷಮಿಸಿ, ಕಪಟವಿಲ್ಲದೆ ಆಲೋಚನೆಯನ್ನು ಮಾಡಿ, ಗುರುಸಾನ್ನಿಧ್ಯದಲ್ಲಿ ಎಲ್ಲರೂ ಅರಿಯುವಂತೆ ಇದನ್ನು ಕೈಗೊಳ್ಳಬೇಕು. ಕ್ಷಪಕನನ್ನು ನೋಡಿಕೊಳ್ಳಲು ನಲವತ್ತೆಂಟು ನಿರ್ಯಾಪಕರಿರಬೇಕೆಂದೂ, ಕಾಲವು ಕಠಿನವಾದರೆ ಕನಿಷ್ಠ ಇಬ್ಬರಾದರೂ ಇರಲೇಬೇಕೆಂದೂ ಭಗವತೀ ಆರಾಧನೆಯು ವಿಧಿಸುತ್ತದೆ. ಒಬ್ಬನೇ ಇದ್ದರೆ ಸಾಲದೆಂಬ ಈ ಮಾತೂ, ಶವದ ಬಳಿ ಇಬ್ಬರು ಪಂಚರಿರಬೇಕೆಂಬ ಕಾನೂನಿನ ಮಾತೂ ಬೇರೆ ಬೇರೆ ಉದ್ದೇಶದಿಂದ ಹುಟ್ಟಿದವು. ಆದರೂ ಮರಣದ ಬಳಿ ಒಂಟಿಯಾಗಿರುವ ಮನುಷ್ಯನನ್ನು ಅವನ ರಾಗದ್ವೇಷಗಳಿಗೆ ಬಿಟ್ಟುಬಿಡಬಾರದೆಂಬ ಎಚ್ಚರವು ಎರಡರಲ್ಲಿಯೂ ಇದೆ. 1955ರಲ್ಲಿ ಚಾರಿತ್ರಚಕ್ರವರ್ತಿ ಶಾಂತಿಸಾಗರ ಮಹಾರಾಜರು ಕುಂಥಲಗಿರಿಯಲ್ಲಿ ಸಮಾಧಿಯನ್ನು ಸಾಧಿಸಿದುದು ಸಹಸ್ರಾರು ಜನರ ಕಣ್ಣೆದುರಿನಲ್ಲಿ. ಶ್ರವಣಬೆಳಗೊಳದ ನಿಸಿಧಿ ಶಾಸನಗಳು ಸಮಾಧಿಮರಣವನ್ನು ಕಲ್ಲಿನ ಮೇಲೆ ಬರೆದಿಟ್ಟವೇ ಹೊರತು ಬಚ್ಚಿಡಲಿಲ್ಲ.

ಇದಕ್ಕೆ ವಿರುದ್ಧವಾಗಿ, ಆಸ್ತಿಯ ಆಸೆಯಿಂದಲೋ ಸೇವೆಯ ಬೇಸರದಿಂದಲೋ ಹಿರಿಯರ ಕಿವಿಯಲ್ಲಿ ವ್ರತದ ಮಾತನ್ನು ಹಾಕುವ ಮನೆಯೊಂದಿದ್ದರೆ, ಅಲ್ಲಿ ನಡೆಯುವುದು ಸಲ್ಲೇಖನೆಯಲ್ಲ. ಅದನ್ನು ವಿಚಾರಿಸಲು ಬಂದ ಅಧಿಕಾರಿಯು ಧರ್ಮಕ್ಕೆ ಶತ್ರುವೂ ಅಲ್ಲ. ಶುದ್ಧವಾದ ಮನೆಯು ತನಿಖೆಗೆ ಅಂಜಬೇಕಾಗಿಲ್ಲ. ವೈದ್ಯರ ಚೀಟಿಗಳನ್ನು ಇಟ್ಟುಕೊಳ್ಳುವುದು, ವ್ರತವನ್ನು ಕೊಟ್ಟ ಗುರುಗಳ ಮತ್ತು ಊರ ಹಿರಿಯರ ಸಮಕ್ಷಮದಲ್ಲಿ ಸಂಕಲ್ಪವಾಗುವುದು, ವ್ರತಿಕನು ಕೇಳಿದಾಗ ಆಹಾರವನ್ನು ನಿರಾಕರಿಸದಿರುವುದು, ಕೇಳಿದವರಿಗೆ ಮುಚ್ಚುಮರೆಯಿಲ್ಲದೆ ಉತ್ತರಿಸುವುದು, ಇವು ಗೃಹಸ್ಥರು ಪಾಲಿಸಬೇಕಾದ ವಿವೇಕಗಳು.

ಕೊನೆಗೆ ಉಳಿಯುವ ಪ್ರಶ್ನೆಯೊಂದೇ: ಸತ್ಯವನ್ನು ನುಡಿದು ಅಪರಾಧಿಗೆ ಶಿಕ್ಷೆಯಾದಾಗ ಶ್ರಾವಕನ ದಯೆಗೆ ಎಡೆಯೆಲ್ಲಿ? ಕ್ಷಮೆಗೆ ಮೊದಲು ದೋಷವು ಒಪ್ಪಿತವಾಗಬೇಕು, ಆಲೋಚನೆಯಿಲ್ಲದ ಪ್ರಾಯಶ್ಚಿತ್ತವಿಲ್ಲ. ಸಾಕ್ಷಿಯಾಗಿ ನಿಜವನ್ನು ನುಡಿದವನೇ, ಮನುಷ್ಯನಾಗಿ ಆ ಅಪರಾಧಿಯ ಪ್ರಾಣವನ್ನು ಉಳಿಸಿರೆಂದು ಬೇಡಬಹುದು, ಅವನ ಹಸಿದ ಮಕ್ಕಳಿಗೆ ಅನ್ನವನ್ನೂ ಇಡಬಹುದು. ಸತ್ಯವನ್ನು ಮರೆಮಾಡಿ ತೋರುವ ದಯೆಯು ಒಬ್ಬನಿಗೆ ಮಾತ್ರ ಸಲ್ಲುತ್ತದೆ. ಸತ್ಯವನ್ನು ನುಡಿದ ಮೇಲೆ ತೋರುವ ದಯೆಯು ಸತ್ತವರಿಗೂ ಬದುಕಿರುವವರಿಗೂ ಸಲ್ಲುತ್ತದೆ. ಬೇಲಿಯನ್ನು ಕಿತ್ತು ಬೆಳೆಯನ್ನು ಕಾಯುವುದು ಯಾರಿಗೂ ಸಾಧ್ಯವಿಲ್ಲ.