ಕೊನೆಯವನ ತಪ್ಪು

ಕಾಶಿ ಎಂದೊಡನೆ ನಮಗೆ ನೆನಪಾಗುವುದು ವಿಶ್ವನಾಥ, ಗಂಗೆ, ಜಂಗಮವಾಡಿ ಮಠದಲ್ಲಿ ಕಿವಿಗೆ ಬೀಳುವ ಕನ್ನಡ. ಉತ್ತರದ ಊರುಗಳಲ್ಲಿ ನೆಲೆಸಿದ ನಮ್ಮಂಥವರಿಗಂತೂ ಊರಿನಿಂದ ಹಿರಿಯರು ಬಂದರೆಂದರೆ ಕಾಶಿಗೆ ರೈಲು ಟಿಕೆಟ್ಟು ಮಾಡಿಸುವುದೇ ಮೊದಲ ಕೆಲಸ. ಆ ಕಾಶಿ ಹಾಕಿಯ ಊರೂ ಹೌದೆಂಬುದು ಮಾತ್ರ ನಮ್ಮ ಗಮನಕ್ಕೆ ಬರುವುದು ಕಡಿಮೆ. ಚೆಂಡನ್ನು ಕೋಲಿಗೆ ಅಂಟಿಸಿಕೊಂಡವರಂತೆ ಓಡುತ್ತಿದ್ದ ಮಹಮ್ಮದ್ ಶಾಹಿದ್ ಹುಟ್ಟಿದ್ದು ಅಲ್ಲಿ, 1960ರಲ್ಲಿ. 1980ರ ಮಾಸ್ಕೋ ಒಲಿಂಪಿಕ್ಸಿನ ಅಂತಿಮ ಪಂದ್ಯದಲ್ಲಿ ಭಾರತ ಸ್ಪೇನನ್ನು 4-3ರಿಂದ ಸೋಲಿಸಿ ಚಿನ್ನ ಗೆದ್ದಾಗ ನಾಲ್ಕನೆಯ ಗೋಲು ಅವರದು. ದೊಡ್ಡ ಹೆಸರು ಬಂದ ಮೇಲೂ ಅವರು ಕಾಶಿಯನ್ನು ಬಿಡಲಿಲ್ಲ. ಅಲ್ಲಿಯ ಡೀಸೆಲ್ ರೈಲು ಎಂಜಿನ್ ಕಾರ್ಖಾನೆಯಲ್ಲೇ ನೌಕರಿ ಮಾಡಿಕೊಂಡಿದ್ದರು. 2016ರಲ್ಲಿ ತೀರಿಕೊಂಡಾಗ ಕಾಶಿ ತನ್ನ ಮನೆಯ ಮಗನನ್ನು ಕಳೆದುಕೊಂಡಂತೆ ಅತ್ತಿತು.

ಶಾಹಿದರ ಬಾಳಿನಲ್ಲಿ ಇನ್ನೊಂದು ಪಂದ್ಯವೂ ಇದೆ. 1982ರ ಡಿಸೆಂಬರ್ 1ರಂದು ದೆಹಲಿಯ ನ್ಯಾಷನಲ್ ಸ್ಟೇಡಿಯಮ್ಮಿನಲ್ಲಿ ಏಷ್ಯನ್ ಕ್ರೀಡೆಗಳ ಹಾಕಿ ಅಂತಿಮ ಪಂದ್ಯ. ಎದುರಾಳಿ ಪಾಕಿಸ್ತಾನ. ದೇಶಕ್ಕೆ ಬಣ್ಣದ ಟೆಲಿವಿಷನ್ ಬಂದದ್ದೂ ಆ ವರ್ಷವೇ. ಟಿವಿ ಇದ್ದ ಮನೆಯ ಹಜಾರದಲ್ಲಿ ನೆರೆಹೊರೆಯವರೆಲ್ಲ ಚಾಪೆ ಹಾಸಿ ಕುಳಿತ ಕಾಲ ಅದು. ಮೊದಲ ಗೋಲು ಭಾರತದ್ದೇ. ಆಮೇಲೆ ಒಂದರ ಹಿಂದೊಂದರಂತೆ ಏಳು ಗೋಲುಗಳು ನಮ್ಮ ಬಲೆಗೆ ಬಿದ್ದವು. ಸೋಲು 1-7. ಭಾರತದ ಗೋಲನ್ನು ಕಾಯುತ್ತಿದ್ದವರು ಮೀರ್ ರಂಜನ್ ನೇಗಿ.

ಆಮೇಲೆ ನಡೆದದ್ದನ್ನು ಆಟದ ವಿಮರ್ಶೆಯೆಂದು ಕರೆಯಲಾಗದು. ನೇಗಿ ಹಣ ತಿಂದಿದ್ದಾರೆ, ದೇಶವನ್ನು ಮಾರಿದ್ದಾರೆ ಎಂಬ ಮಾತು ಬಾಯಿಂದ ಬಾಯಿಗೆ ಹರಡಿ ಪತ್ರಿಕೆಗಳ ಅಂಕಣಗಳಿಗೂ ಹತ್ತಿತು. ಅವರು ತಂಡದಿಂದ ಹೊರಬಿದ್ದರು. ಆ ಆರೋಪ ಯಾವ ಕಾಲಕ್ಕೂ ಸಾಬೀತಾಗಲಿಲ್ಲ. ಆದರೂ ವರ್ಷಗಟ್ಟಲೆ ಅವರ ಬೆನ್ನು ಬಿಡಲಿಲ್ಲ. ಅದೇ ತಂಡದಲ್ಲಿ ಅದೇ ದಿನ ಸೋತ ಶಾಹಿದರಿಗೆ ಆ ಕಳಂಕ ಅಂಟಲಿಲ್ಲ. ಮುಂದೆ ಅವರು ತಂಡದ ನಾಯಕರೂ ಆದರು. ಶಾಹಿದರಿಗೆ ಜನ ತೋರಿದ ಪ್ರೀತಿ ನ್ಯಾಯವಾದದ್ದೇ, ಅದರ ಬಗ್ಗೆ ನಮಗೆ ತಕರಾರಿಲ್ಲ. ಹನ್ನೊಂದು ಜನ ಕೂಡಿ ಸೋತ ಸೋಲು ಒಬ್ಬನ ತಲೆಗೇ ಕಟ್ಟಿದ್ದು ಹೇಗೆ ಎಂಬುದು ನಮ್ಮ ಪ್ರಶ್ನೆ.

ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಮುಂದೆ ಆಡುವವನು ಪಂದ್ಯವೊಂದರಲ್ಲಿ ಹತ್ತು ಸಲ ಚೆಂಡು ಕಳೆದುಕೊಂಡರೂ ಅದನ್ನು ಯಾವ ಫಲಕದಲ್ಲಿಯೂ ಬರೆಯುವುದಿಲ್ಲ. ಹಿಂದೆ ನಿಂತವನ ಪ್ರತಿಯೊಂದು ಸೋಲೂ ದೊಡ್ಡ ಅಂಕಿಯಾಗಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಗೋಲ್‌ಕೀಪರನ ಬಳಿಗೆ ಬರುವ ಚೆಂಡು ಆ ಮೊದಲೇ ಉಳಿದವರ ಕಾವಲನ್ನು ದಾಟಿ ಬಂದಿರುತ್ತದೆ. ಆದರೆ ಟಿವಿಯಲ್ಲಿ ಮರಳಿ ಮರಳಿ ಕಾಣುವುದು ನೆಲಕ್ಕೆ ಬಿದ್ದ ಆ ಕೊನೆಯವನೊಬ್ಬನೇ. ಎದುರಿಗಿದ್ದ ಪಾಕಿಸ್ತಾನವಾದರೂ ಎಂಥ ತಂಡ? ಅದೇ ವರ್ಷದ ಜನವರಿಯಲ್ಲಿ ಮುಂಬಯಿಯಲ್ಲಿ ವಿಶ್ವಕಪ್ ಗೆದ್ದುಕೊಂಡು ಹೋದ ತಂಡ. ಎದುರಾಳಿ ಚೆನ್ನಾಗಿ ಆಡಿದ ಎಂದು ಒಪ್ಪಿಕೊಳ್ಳುವುದಕ್ಕಿಂತ ನಮ್ಮವನೇ ಕೈಕೊಟ್ಟ ಎನ್ನುವುದು ಮನಸ್ಸಿಗೆ ಸುಲಭ.

ಗೆದ್ದ ದಿನಗಳ ಲೆಕ್ಕವನ್ನೂ ನೋಡೋಣ. ಮಾಸ್ಕೋದಲ್ಲಿ ಭಾರತದ ಬಲೆಗೆ ಮೂರು ಗೋಲು ಬಿದ್ದಿದ್ದವು. 2021ರಲ್ಲಿ ಟೋಕಿಯೋದಲ್ಲಿ ಜರ್ಮನಿಯನ್ನು 5-4ರಿಂದ ಸೋಲಿಸಿ ಕಂಚು ಗೆದ್ದಾಗ ನಾಲ್ಕು. ಅವು ಯಾರ ತಪ್ಪಿನಿಂದ ಬಿದ್ದವೆಂದು ಆ ಸಂಜೆ ಕೇಳಿದವರುಂಟೆ? ತಪ್ಪುಗಳು ಗೆದ್ದಾಗಲೂ ಇರುತ್ತವೆ. ಅವುಗಳ ಬೆಲೆ ಎಷ್ಟೆಂದು ಗೊತ್ತಾಗುವುದು ಪಂದ್ಯ ಮುಗಿದ ಮೇಲೆ, ಆಟಗಾರನ ಕೈಮೀರಿದ ಎಷ್ಟೋ ಸಂಗತಿಗಳು ಕೂಡಿಕೊಂಡ ಮೇಲೆ. ನಾವಾದರೋ ಆ ಪೂರ್ತಿ ಬೆಲೆಯನ್ನು ಒಬ್ಬನಿಂದಲೇ ವಸೂಲು ಮಾಡಲು ಹೊರಡುತ್ತೇವೆ.

ಕನ್ನಡಿಗರಾದ ನಮಗೆ ಇದು ಹೊಸ ಕಥೆಯಲ್ಲ, ಕಾಶಿಗೂ ಹೊಸತಲ್ಲ. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಚಂದ್ರಮತಿಗೆ ಬಂದ ಆಪತ್ತು ಯಾವುದು? ಹೆತ್ತ ಮಗನನ್ನು ಕಳೆದುಕೊಂಡು ಕತ್ತಲಲ್ಲಿ ಅಲೆಯುವ ಆಕೆಯ ಮಡಿಲಲ್ಲಿ ಕಾಶಿಯ ಅರಸನ ಮಗುವಿನ ಶವ ಸಿಕ್ಕಿತು. ಕೊಂದವರು ಕಳ್ಳರು. ಅವರು ಯಾರ ಕಣ್ಣಿಗೂ ಬೀಳಲಿಲ್ಲ, ಕಣ್ಣಿಗೆ ಬಿದ್ದವಳು ಆಕೆ. ಶವ ಯಾರ ಮಡಿಲಲ್ಲಿದೆಯೋ ಅವಳೇ ಕೊಂದವಳೆಂದು ತೀರ್ಮಾನವಾಯಿತು, ಮರಣದಂಡನೆಯೂ ಆಯಿತು. ಹರಿಶ್ಚಂದ್ರ ಘಾಟಿನ ಮೆಟ್ಟಿಲ ಮೇಲೆ ನಿಂತು ನಾವು ಆ ತಾಯಿಗಾಗಿ ಮರುಗುತ್ತೇವೆ. ಚೆಂಡು ಯಾರನ್ನು ದಾಟಿ ಹೋಯಿತೋ ಅವನೇ ಸೋಲಿಸಿದವನು ಎನ್ನುವಾಗ ಆ ರಾಜಭಟರ ನ್ಯಾಯವನ್ನೇ ನಾವು ನಡೆಸುತ್ತಿದ್ದೇವೆ ಎಂಬುದು ಹೊಳೆಯುವುದಿಲ್ಲ.

ಹಾಗಾದರೆ ಆಟಗಾರನನ್ನು ಏನೂ ಅನ್ನಬಾರದೆ? ಜನ ಕೊಟ್ಟ ಹಣ, ಜನ ಕೊಟ್ಟ ಹೊಗಳಿಕೆ ಅವನಿಗೆ ಬೇಕು, ಜನರ ಸಿಟ್ಟು ಮಾತ್ರ ಬೇಡವೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಆ ಚೆಂಡನ್ನು ತಡೆಯಬಹುದಿತ್ತು, ಮುಂದೆ ನುಗ್ಗಿದ್ದು ತಪ್ಪಾಯಿತು, ಮುಂದಿನ ಪಂದ್ಯಕ್ಕೆ ಬೇರೆಯವರನ್ನು ಆರಿಸಬೇಕು ಎಂದೆಲ್ಲ ಹೇಳುವ ಹಕ್ಕು ನೋಡುವವನಿಗೆ ಇದೆ. ಅದು ಅವನ ಕೈಚಳಕದ ಮೇಲಿನ ತೀರ್ಪು. ಅವನು ದ್ರೋಹಿ ಎಂಬುದು ಮನಸ್ಸಿನ ಮೇಲಿನ ತೀರ್ಪು. ಮೊದಲನೆಯದಕ್ಕೆ ಕಣ್ಣು ಸಾಕು, ಎರಡನೆಯದಕ್ಕೆ ಸಾಕ್ಷಿ ಬೇಕು. ಸೋಲಿನ ನೋವು ಹೆಚ್ಚಾದಷ್ಟೂ ಅದನ್ನೇ ಸಾಕ್ಷಿಯೆಂದು ತಿಳಿಯುವುದು ನಮ್ಮ ದೌರ್ಬಲ್ಯ.

ನಮ್ಮ ಧರ್ಮಶಾಸ್ತ್ರಗಳು ಈ ವಿಷಯದಲ್ಲಿ ನಮಗಿಂತ ಎಚ್ಚರವಾಗಿದ್ದವು. ತಿಳಿದು ಮಾಡಿದ್ದು ಬೇರೆ, ತಿಳಿಯದೆ ಆದದ್ದು ಬೇರೆ ಎಂದು ಅವು ವಿಂಗಡಿಸಿದವು. ಪ್ರತಿಯೊಂದು ಪಾಪಕ್ಕೂ ಇಷ್ಟು ದಿನದ ವ್ರತ, ಇಷ್ಟು ದಾನ ಎಂದು ಅಳತೆ ಹೇಳಿದವು. ಆ ಅಳತೆಗಳೆಲ್ಲ ಇಂದು ನಮಗೆ ಒಪ್ಪಿಗೆಯಾಗಬೇಕೆಂದಿಲ್ಲ. ಆದರೆ ಪ್ರಾಯಶ್ಚಿತ್ತವೆಂದ ಮೇಲೆ ಅದಕ್ಕೊಂದು ಕೊನೆ ಇರಬೇಕು ಎಂಬ ತಿಳಿವಳಿಕೆ ದೊಡ್ಡದು. ದೊಡ್ಡ ಪಾಪ ಮಾಡಿದವನೂ ಗಂಗೆಯಲ್ಲಿ ಮುಳುಗಿ ಮೇಲೆದ್ದು ಮನೆಗೆ ಹೋಗಬಹುದು ಎಂಬ ನಂಬಿಕೆಯ ಮೇಲೆ ಕಾಶಿ ನಿಂತಿದೆ. ಜನರ ಸಿಟ್ಟಿಗೆ ಅಳತೆಯೂ ಇಲ್ಲ, ಕೊನೆಯೂ ಇಲ್ಲ.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. 1950ರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಬ್ರೆಜಿಲ್ ತನ್ನ ರಿಯೋ ನಗರದಲ್ಲೇ ಉರುಗ್ವೆಗೆ 1-2ರಿಂದ ಸೋತಿತು. ಗೋಲ್‌ಕೀಪರ್ ಬಾರ್ಬೋಸಾ ಸಾಯುವವರೆಗೆ, ಅಂದರೆ 2000ದವರೆಗೆ, ಆ ಒಂದು ಗೋಲಿನ ಭಾರ ಹೊತ್ತರು. ತಮ್ಮ ದೇಶದಲ್ಲಿ ಅಪರಾಧಿಗೆ ಇರುವ ಅತಿ ದೊಡ್ಡ ಶಿಕ್ಷೆ ಮೂವತ್ತು ವರ್ಷ, ತಮ್ಮದು ಅದನ್ನೂ ಮೀರಿತು ಎಂದು ಅವರು ನೊಂದು ಹೇಳುತ್ತಿದ್ದರು. 1994ರ ವಿಶ್ವಕಪ್ಪಿನಲ್ಲಿ ತನ್ನದೇ ಬಲೆಗೆ ಚೆಂಡು ತಾಗಿಸಿದ ಕೊಲಂಬಿಯಾದ ಆಂದ್ರೆಸ್ ಎಸ್ಕೋಬಾರ್ ಊರಿಗೆ ಮರಳಿದ ಕೆಲವೇ ದಿನಗಳಲ್ಲಿ ಗುಂಡಿಗೆ ಬಲಿಯಾದರು. 2018ರಲ್ಲಿ ಕೀವ್ ನಗರದ ಯುರೋಪಿಯನ್ ಅಂತಿಮ ಪಂದ್ಯದಲ್ಲಿ ಲಿವರ್‌ಪೂಲ್ ತಂಡದ ಲೋರಿಸ್ ಕಾರಿಯಸ್ ಎರಡು ದೊಡ್ಡ ತಪ್ಪು ಮಾಡಿ ಜಗತ್ತಿನ ನಗೆಪಾಟಲಿಗೆ ಗುರಿಯಾದರು, ಕೊಲೆ ಬೆದರಿಕೆಗಳೂ ಬಂದವು. ಪಂದ್ಯದಲ್ಲಿ ಅವರ ತಲೆಗೆ ಪೆಟ್ಟು ಬಿದ್ದು ಮಿದುಳು ನಲುಗಿತ್ತು, ಅದು ಅವರ ದೃಷ್ಟಿಯನ್ನೂ ಆಟವನ್ನೂ ಕೆಡಿಸಿರಬಹುದು ಎಂದು ಅಮೆರಿಕದ ವೈದ್ಯರು ಹೇಳಿದ್ದು ಆಮೇಲೆ. ಅಷ್ಟು ಹೊತ್ತಿಗೆ ಜನರ ತೀರ್ಪು ಹೊರಬಿದ್ದಾಗಿತ್ತು.

ಕೆಲವೊಮ್ಮೆ ತಪ್ಪೇ ಬೇಕಾಗುವುದಿಲ್ಲ. ಟೋಕಿಯೋದಲ್ಲಿ ಕಂಚು ಗೆದ್ದ ತಂಡದಲ್ಲಿದ್ದ ಲಲಿತ್ ಉಪಾಧ್ಯಾಯ ಕಾಶಿಯ ಕಡೆಯ ಹುಡುಗ. 2008ರಲ್ಲಿ ಹಾಕಿ ಫೆಡರೇಷನ್ನಿನ ಲಂಚಗುಳಿತನವನ್ನು ಬಯಲಿಗೆಳೆಯಲು ಟಿವಿ ವಾಹಿನಿಯೊಂದು ಗುಪ್ತ ಕಾರ್ಯಾಚರಣೆ ಮಾಡಿತು. ತಂಡಕ್ಕೆ ಸೇರಿಸಿ ಎಂದು ಹಣ ಕೊಡುವಾಗ ಬಳಸಿಕೊಂಡದ್ದು ಈತನ ಹೆಸರನ್ನು. ಆಗಿನ್ನೂ ಹದಿನಾಲ್ಕರ ಪ್ರಾಯದ ಹುಡುಗನಿಗೆ ಇದಾವುದರ ಅರಿವೂ ಇರಲಿಲ್ಲ. ಆದರೂ ಸಂಶಯದ ನೋಟಗಳನ್ನು ಸಹಿಸಬೇಕಾದವನು ಅವನೇ.

ಪರಸ್ಥಳದಲ್ಲಿ ಬಾಳುವ ನಮಗೆ ಈ ವಿಷಯ ಇನ್ನೂ ಹತ್ತಿರದ್ದು. 2021ರ ಅಕ್ಟೋಬರಿನಲ್ಲಿ ದುಬೈಯಲ್ಲಿ ಭಾರತದ ಕ್ರಿಕೆಟ್ ತಂಡ ಪಾಕಿಸ್ತಾನಕ್ಕೆ ಹತ್ತು ವಿಕೆಟ್ಟುಗಳಿಂದ ಸೋತಾಗ ಬೌಲರುಗಳಲ್ಲಿ ಯಾರೊಬ್ಬರಿಗೂ ವಿಕೆಟ್ ಸಿಗಲಿಲ್ಲ. ಆದರೆ ದೇಶನಿಷ್ಠೆಯ ಪ್ರಶ್ನೆ ಎದ್ದದ್ದು ಮಹಮ್ಮದ್ ಶಮಿಯವರ ಮೇಲೆ, ಅವರ ಧರ್ಮವನ್ನು ಹಿಡಿದು. ನಾಯಕ ವಿರಾಟ್ ಕೊಹ್ಲಿ ಅವರ ಪರವಾಗಿ ಬಹಿರಂಗವಾಗಿ ನಿಂತರು. ಒಬ್ಬನ ತಪ್ಪನ್ನು ಅವನ ಕುಲಕ್ಕೆ, ಮತಕ್ಕೆ, ಭಾಷೆಗೆ ಹಚ್ಚುವುದು ಎಂಥದ್ದೆಂದು ನಮಗೆ ಗೊತ್ತಿಲ್ಲವೆ? ಕಚೇರಿಯಲ್ಲಿ ನಮ್ಮವನೊಬ್ಬ ಲೆಕ್ಕ ತಪ್ಪಿದರೆ "ನಿಮ್ಮ ಮದ್ರಾಸಿಗಳೇ ಹೀಗೆ" ಎಂಬ ಮಾತನ್ನು ನಮ್ಮಲ್ಲಿ ಎಷ್ಟೋ ಮಂದಿ ಕೇಳಿ ನುಂಗಿಕೊಂಡಿದ್ದೇವೆ. ಹಾಗೆ ನುಂಗಿದವರು ಇನ್ನೊಬ್ಬರಿಗೆ ಅದನ್ನೇ ಉಣಿಸಬಾರದು.

ಮನೆಯ ಮಾತೂ ಒಂದಿದೆ. ಟಿವಿಯ ಮುಂದೆ ಕುಳಿತು ಅಪ್ಪ ಚಿಕ್ಕಪ್ಪಂದಿರು ಆಟಗಾರನನ್ನು ಬಾಯಿಗೆ ಬಂದಂತೆ ಬೈಯುವಾಗ ಪಕ್ಕದಲ್ಲಿ ಕುಳಿತ ಮಗು ಆಟದ ಜೊತೆಗೆ ಇನ್ನೊಂದನ್ನೂ ಕಲಿಯುತ್ತಿರುತ್ತದೆ. ತಪ್ಪಿದವನನ್ನು ಈ ಮನೆಯಲ್ಲಿ ಹೀಗೆ ಕಾಣುತ್ತಾರೆ ಎಂಬುದು ಅದರ ಮನಸ್ಸಿಗೆ ನಾಟುತ್ತದೆ. ನಾಳೆ ಗಣಿತದಲ್ಲಿ ನಪಾಸಾದರೆ ಅಂಕಪಟ್ಟಿಯನ್ನು ಹಾಸಿಗೆಯಡಿ ಬಚ್ಚಿಡುವ ಬುದ್ಧಿ ಅದಕ್ಕೆ ಎಲ್ಲಿಂದ ಬಂತೆಂದು ಆಮೇಲೆ ಹುಡುಕಿ ಫಲವಿಲ್ಲ. "ಅಯ್ಯೋ, ತಪ್ಪಿಹೋಯಿತಲ್ಲ, ಪಾಪ" ಎನ್ನುವ ಒಂದು ಮಾತು ಮಗುವಿಗೆ ಕೊಡುವ ಧೈರ್ಯ ಸಣ್ಣದಲ್ಲ.

ನೇಗಿಯವರ ಕಥೆ 1982ಕ್ಕೇ ಮುಗಿಯಲಿಲ್ಲ ಎಂಬುದು ಸಮಾಧಾನದ ಸಂಗತಿ. ಹದಿನಾರು ವರ್ಷಗಳ ಮೇಲೆ, 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡೆಗಳಿಗೆ ಭಾರತ ತಂಡದ ಗೋಲ್‌ಕೀಪರುಗಳನ್ನು ಪಳಗಿಸಲು ಅವರನ್ನೇ ಕರೆದರು. ಅಂತಿಮ ಪಂದ್ಯ ದಕ್ಷಿಣ ಕೊರಿಯದೊಡನೆ ಸಮನಾಗಿ, ಪೆನಾಲ್ಟಿ ಹೊಡೆತಗಳವರೆಗೆ ಹೋಯಿತು. ಆಗ ಬಲೆಯ ಮುಂದೆ ನಿಂತು ಹೊಡೆತಗಳನ್ನು ತಡೆದು ಗೆಲ್ಲಿಸಿದವರು ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್. 1966ರ ನಂತರ ಏಷ್ಯನ್ ಕ್ರೀಡೆಗಳಲ್ಲಿ ಪುರುಷರ ಹಾಕಿ ತಂಡಕ್ಕೆ ಸಿಕ್ಕ ಮೊದಲ ಚಿನ್ನ ಅದು. ತಪ್ಪಿದವನಿಗೆ ಮತ್ತೆ ಕೆಲಸ ಕೊಡುವುದು, ಅವನು ಕಲಿತದ್ದನ್ನು ಇನ್ನೊಬ್ಬನಿಗೆ ಕಲಿಸಲು ಬಿಡುವುದು, ಪ್ರಾಯಶ್ಚಿತ್ತಕ್ಕೆ ಸಮಾಜ ಒದಗಿಸಬಹುದಾದ ಕೊನೆ ಇದೇ ಎಂದು ನಮಗೆ ತೋರುತ್ತದೆ. ಅದಕ್ಕೆ ಹದಿನಾರು ವರ್ಷ ಹಿಡಿಯಬೇಕಾಗಿರಲಿಲ್ಲ.